ಬ್ರಾಡ್‌ಬ್ಯಾಂಡ್ ಮತ್ತು ನಮ್ಮ ಗಡಿನಾಡಿನ ಶಾಲೆಗಳು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಶಾಲೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯೆಯ ಮಹಿಮೆಯನ್ನೂ ನುಡಿಯ ಅಭಿಮಾನವನ್ನೂ ಕುರಿತು ಮಾತನಾಡುವುದು ರೂಢಿ. ಆ ರೂಢಿಯಲ್ಲಿ ನಮಗೆ ಗೌರವವಿದೆ. ಆದರೂ ಇಂದು ನಾವು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬಯಸುವುದು ತಂತಿಯ ವಿಷಯವನ್ನು. ಅಂದರೆ ಬ್ರಾಡ್‌ಬ್ಯಾಂಡ್ ಎಂದು ಎಲ್ಲರೂ ಕರೆಯುವ ವೇಗದ ಇಂಟರ್ನೆಟ್ಟಿನ ವಿಷಯವನ್ನು. ಇದು ವ್ಯಾಪಾರಸ್ಥರ ಮಾತು, ಶಾಲೆಗೇನು ಸಂಬಂಧವೆಂದು ಕೆಲವರಿಗೆ ತೋರಬಹುದು. ಸಂಬಂಧವುಂಟು. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡದ ಮಗುವಿಗೆ ಕನ್ನಡದ ಹೊಸ ಪುಸ್ತಕ, ಕನ್ನಡದ ಪಾಠ, ಕನ್ನಡದ ಸುದ್ದಿ ಇನ್ನು ಮುಂದೆ ಯಾವ ದಾರಿಯಿಂದ ಬರಬೇಕೆಂಬುದನ್ನು ಬಹುಮಟ್ಟಿಗೆ ಈ ತಂತಿಯೇ ನಿರ್ಣಯಿಸುವುದು. ಆದುದರಿಂದ ಆ ದಾರಿಯನ್ನು ಯಾರು ಹಾಕಿದರು, ಯಾರು ಅದರ ಮೇಲೆ ಸಂಚರಿಸುತ್ತಾರೆ, ಅದು ನಮ್ಮ ಊರಿನ ಹೊರಗೇ ಏಕೆ ನಿಂತುಬಿಡುತ್ತದೆ ಎಂಬುದನ್ನು ನಾವು ತಿಳಿದಿರಬೇಕು.

ಮೊದಲು ನಮ್ಮ ನಾಡಿನ ಸ್ಥಿತಿಯನ್ನು ನೆನೆಯೋಣ. ಉದಗೀರ, ನಿಲಂಗಾ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಆ ವರ್ಷ ಅವು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಸೇರಿದವು, 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆಯಾದಾಗ ಈ ಎರಡೂ ಅದರೊಳಗೆ ಬಂದವು. ಉಮರ್ಗಾ ಮಾತ್ರ ಹಳೆಯ ಜಿಲ್ಲೆಯಲ್ಲಿಯೇ ಉಳಿದು, ಅದು ಈಗ ಧಾರಾಶಿವ ಜಿಲ್ಲೆಯೆನಿಸಿದೆ. ಗಡಿ ಬದಲಾದರೂ ಬಳಗ ಬದಲಾಗಲಿಲ್ಲ. ನಮ್ಮ ಹೆಣ್ಣು ಕೊಟ್ಟು ತರುವ ಊರುಗಳು ಭಾಲ್ಕಿ, ಔರಾದ, ಬಸವಕಲ್ಯಾಣ, ಆಳಂದಗಳ ಸುತ್ತಲೇ ಇವೆ. ಆದರೆ ದೂರವಾಣಿಗೆ ಬಳಗದ ಗುರುತಿಲ್ಲ. ಉದಗೀರದ ದೂರವಾಣಿಯ ಸಂಕೇತ 02385, ಬೀದರದ್ದು 08482. ಒಂದು ಮಹಾರಾಷ್ಟ್ರ ವಲಯ, ಇನ್ನೊಂದು ಕರ್ನಾಟಕ ವಲಯ. ಗಡಿಯ ಎರಡು ಬದಿಯ ಹೊಲಗಳಲ್ಲಿ ಒಂದೇ ತೊಗರಿ ಬೆಳೆದರೂ, ಅಣ್ಣ ತಮ್ಮಂದಿರು ಮಾತನಾಡಬೇಕಾದರೆ ಅದು ಪರಸ್ಥಳದ ಮಾತೆನಿಸುತ್ತಿತ್ತು. ಈ ಮಾತನ್ನು ನೆನಪಿನಲ್ಲಿಡಬೇಕು. ಪೈಪೋಟಿಯಿಂದ ನಮಗಾದ ಲಾಭವನ್ನು ಅಳೆಯುವಾಗ ಇದು ಬೇಕಾಗುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ನಾಲ್ಕು ದಶಕಗಳ ಕಾಲ ದೂರವಾಣಿಯೆಂಬುದು ಸರಕಾರದ ಇಲಾಖೆಯೊಂದರ ಕೆಲಸವಾಗಿದ್ದಿತು. 1991ರಲ್ಲಿ 84 ಕೋಟಿ ಜನರ ಈ ದೇಶದಲ್ಲಿ ಇದ್ದ ದೂರವಾಣಿಗಳು ಸುಮಾರು 50 ಲಕ್ಷ. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಆದರೆ ಆ ಕಾಲವನ್ನು ಬರಿಯ ಕೊರತೆಯ ಕಾಲವೆನ್ನುವುದು ನ್ಯಾಯವಲ್ಲ. 1984ರಲ್ಲಿ ಸರಕಾರವು ಸಿ-ಡಾಟ್ ಎಂಬ ಸಂಶೋಧನ ಕೇಂದ್ರವನ್ನು ಸ್ಥಾಪಿಸಿತು. ಹೊರದೇಶದ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆ ಬೇಕು, ಧೂಳು ಸಲ್ಲದು. ನಮ್ಮ ಹಳ್ಳಿಗಳಲ್ಲಿ ಬಿಸಿಲೂ ಉಂಟು, ಧೂಳೂ ಉಂಟು. ಆದುದರಿಂದ ಸಿ-ಡಾಟಿನ ತರುಣ ಎಂಜಿನಿಯರರು ತಂಪು ಕೋಣೆಯಿಲ್ಲದೆ ನಡೆಯುವ ಚಿಕ್ಕ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿದರು. ಅದರ ಮೊದಲನೆಯ ಸ್ಥಾಪನೆ 1986ರಲ್ಲಿ ಆದುದು ದಿಲ್ಲಿಯಲ್ಲಲ್ಲ, ಮುಂಬಯಿಯಲ್ಲಲ್ಲ. ನಮ್ಮ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಮುಂದೆ ಇಂಥವೇ ದೇಶದ ಹಳ್ಳಿಹಳ್ಳಿಗೆ ಬಂದವು, ರಸ್ತೆಯ ಬದಿಗೆ ಹಳದಿ ಫಲಕದ ದೂರವಾಣಿ ಕಟ್ಟೆಗಳೂ ಎದ್ದವು. ಲಾಭ ಹುಟ್ಟದ ಸ್ಥಳಕ್ಕೆ ಮೊದಲ ತಂತಿಯನ್ನು ಒಯ್ದದ್ದು ಸಾರ್ವಜನಿಕ ಹಣ, ಸಾರ್ವಜನಿಕ ಬುದ್ಧಿ ಎಂಬ ಸತ್ಯವನ್ನು ನಾವು ಮರೆಯಲಾಗದು.

ಆಪತ್ಕಾಲದಲ್ಲಿ ಸುದ್ದಿ ಬೇಗ ತಲುಪುವುದರ ಬೆಲೆಯನ್ನಂತೂ ಈ ಭಾಗದ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪದಲ್ಲಿ ಔಸಾ, ಉಮರ್ಗಾ ಭಾಗದ ಊರುಗಳು ನೆಲಸಮವಾಗಿ ಸಾವಿರಾರು ಜನ ಮಡಿದರು. ತಂತಿಯೆಂಬುದು ಅನುಕೂಲಸ್ಥರ ಆಟಿಕೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಪೈಪೋಟಿಯ ಕಥೆ. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯು ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ನಡೆಯಿತು. ಅದೇ ವರ್ಷದ ಆಗಸ್ಟ್ 15ರಂದು ಇಂಟರ್ನೆಟ್ ಜನಸಾಮಾನ್ಯರಿಗೆ ದೊರೆಯತೊಡಗಿತು. ಆಟಗಾರರು ಹಲವರಾದ ಮೇಲೆ ನ್ಯಾಯ ಹೇಳುವವರು ಬೇಕಲ್ಲವೆ? ಅದಕ್ಕಾಗಿ 1997ರಲ್ಲಿ ಟ್ರಾಯ್ ಎಂಬ ನಿಯಂತ್ರಣ ಪ್ರಾಧಿಕಾರವು ಹುಟ್ಟಿತು. 2000ದ ಅಕ್ಟೋಬರ್ 1ರಂದು ಇಲಾಖೆಯ ಸೇವೆಯೇ ಬಿ.ಎಸ್.ಎನ್.ಎಲ್. ಎಂಬ ಕಂಪನಿಯಾಗಿ, ಪೈಪೋಟಿಯಲ್ಲಿ ತಾನೂ ಒಬ್ಬನಾಯಿತು. ಮೊದಮೊದಲು ಮೊಬೈಲಿನಲ್ಲಿ ಕರೆ ಸ್ವೀಕರಿಸಿದವನೂ ಹಣ ತೆರಬೇಕಾಗಿತ್ತು. 2003ರಲ್ಲಿ ಅದು ನಿಂತಿತು.

ಗಡಿಯವರಾದ ನಮಗೆ ಇದರಿಂದ ವಿಶೇಷ ಲಾಭವಾಯಿತು. ಹಿಂದೆ ನಮ್ಮವನೊಬ್ಬನು ಭಾಲ್ಕಿಯ ಸಂತೆಗೆ ಹೋದರೆ ಸಾಕು, ರೋಮಿಂಗಿನ ಸುಂಕ ಬೀಳುತ್ತಿತ್ತು. ಅಷ್ಟೇ ಅಲ್ಲ, ಗಡಿಗೆ ಹತ್ತಿದ ಹಳ್ಳಿಯಲ್ಲಿ ಆಚೆಯ ರಾಜ್ಯದ ಟವರು ಬಲವಾಗಿದ್ದರೆ, ಮನೆಯಂಗಳದಿಂದ ಕದಲದವನ ಮೊಬೈಲೂ ಪರರಾಜ್ಯಕ್ಕೆ ಪ್ರವಾಸ ಹೋಗಿಬರುತ್ತಿತ್ತು. 2011ರ ಜನವರಿಯಿಂದ, ನಂಬರನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವ ಹಕ್ಕು ದೇಶದಲ್ಲೆಲ್ಲ ದೊರೆಯಿತು. 2015ರ ಜುಲೈಯಿಂದ ಒಂದು ವಲಯದ ನಂಬರನ್ನು ಇನ್ನೊಂದು ವಲಯಕ್ಕೂ ಒಯ್ಯಬಹುದಾಯಿತು. 2015ರಲ್ಲಿಯೇ ಬಿ.ಎಸ್.ಎನ್.ಎಲ್. ರೋಮಿಂಗಿನಲ್ಲಿ ಒಳಬರುವ ಕರೆಗಳನ್ನು ಉಚಿತ ಮಾಡಿತು. 2017ರ ಹೊತ್ತಿಗೆ ಖಾಸಗಿಯವರೂ ದೇಶದೊಳಗಿನ ರೋಮಿಂಗ್ ಸುಂಕವನ್ನು ಕೈಬಿಟ್ಟರು. 1956ರಲ್ಲಿ ಬಿದ್ದ ಗೆರೆ ನಕ್ಷೆಯ ಮೇಲೆ ಹಾಗೆಯೇ ಇದೆ. ಆದರೆ ಅಣ್ಣತಮ್ಮಂದಿರ ಮಾತಿನ ಮೇಲಿನ ಗೆರೆ ಅಳಿಸಿಹೋಯಿತು. ಯಾವ ಭಾಷಣದಿಂದಲೂ ಆಗದುದು ಪೈಪೋಟಿಯಿಂದಲೂ ನ್ಯಾಯವಾದ ನಿಯಮದಿಂದಲೂ ಆಯಿತು.

ಬ್ರಾಡ್‌ಬ್ಯಾಂಡಿನ ಕಥೆ ಮಾತ್ರ ಇಷ್ಟು ಸರಳವಾಗಿಲ್ಲ. 2004ರಲ್ಲಿ ಕೇಂದ್ರ ಸರಕಾರವು ಬ್ರಾಡ್‌ಬ್ಯಾಂಡ್ ನೀತಿಯನ್ನು ಪ್ರಕಟಿಸಿತು. ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್ ಎಂದು ಆಗ ಹೆಸರಿಟ್ಟರು. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಮೆಗಾಬಿಟ್ ಆಯಿತು. ಇದರ ಅರ್ಥವನ್ನು ವಿದ್ಯಾರ್ಥಿಗಳು ಲೆಕ್ಕದಿಂದ ಅರಿಯಲಿ. ಇಪ್ಪತ್ತು ಮೆಗಾಬೈಟ್ ತೂಕದ ಪಠ್ಯಪುಸ್ತಕವೊಂದು 2004ರ ಕನಿಷ್ಠ ವೇಗದಲ್ಲಿ ಬರಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಈಗಿನ ಕನಿಷ್ಠ ವೇಗದಲ್ಲಿ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಪಟ್ಟಣದ ಮನೆಗಳಿಗೆ ಗಾಜಿನ ತಂತಿಯಲ್ಲಿ ಬರುವ ನೂರು ಮೆಗಾಬಿಟ್ ವೇಗದಲ್ಲಿ ಎರಡು ಸೆಕೆಂಡೂ ಬೇಡ. ಒಂದೇ ದೇಶ, ಒಂದೇ ಪುಸ್ತಕ. ಆದರೆ ಒಬ್ಬ ಮಗು ಕಣ್ಣು ಮಿಟುಕಿಸುವುದರೊಳಗೆ ಓದತೊಡಗುತ್ತದೆ, ಇನ್ನೊಂದು ಮಗು ಕಾಯುತ್ತ ಕುಳಿತಿರುತ್ತದೆ.

ಆ ನೀತಿಯ ಹೊತ್ತಿಗೆ ಒಂದು ಮುಖ್ಯ ಪ್ರಶ್ನೆಯೆದ್ದಿತು. ಮನೆಮನೆಗೆ ಹೋದ ತಾಮ್ರದ ತಂತಿಯಿದ್ದುದು ಬಹುತೇಕ ಸರಕಾರಿ ಕಂಪನಿಯ ಕೈಯಲ್ಲಿ. ಆ ತಂತಿಯನ್ನು ಬಾಡಿಗೆ ಕೊಟ್ಟು ಬೇರೆ ಕಂಪನಿಗಳೂ ಅದರ ಮೇಲೆ ಸೇವೆ ನಡೆಸಲು ಬಿಡಬೇಕೆಂದು ಟ್ರಾಯ್ ಪ್ರಾಧಿಕಾರವು 2004ರಲ್ಲಿ ಸಲಹೆಯಿತ್ತಿತು. ಸರಕಾರವು ಅದನ್ನು ನೀತಿಯಲ್ಲಿ ಕಡ್ಡಾಯ ಮಾಡಲಿಲ್ಲ. ತಂತಿ ಹಾಕಿದವನ ಹಕ್ಕೂ ಒಂದು ಹಕ್ಕೇ ಎಂಬುದು ಒಂದು ಪಕ್ಷ. ತಂತಿ ಜನರ ಹಣದ್ದು, ಅದು ಸುಮ್ಮನೆ ಮಲಗಬಾರದು ಎಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಹುರುಳಿದೆ. ಫಲವನ್ನು ನೋಡೋಣ: 2010ರೊಳಗೆ ಎರಡು ಕೋಟಿ ಚಂದಾದಾರರಾಗಬೇಕೆಂದು ಗುರಿಯಿದ್ದಿತು, ಆ ವರ್ಷದ ಕೊನೆಗೆ ಆದವರು ಒಂದು ಕೋಟಿಯ ಮೇಲೆ ಸ್ವಲ್ಪ. ತಾಮ್ರದ ತಂತಿಗೆ ಇನ್ನೊಂದು ಸ್ವಭಾವದೋಷವೂ ಉಂಟು. ಎಕ್ಸ್‌ಚೇಂಜಿನಿಂದ ಮೂರು ನಾಲ್ಕು ಕಿಲೋಮೀಟರು ದಾಟಿದರೆ ಅದರ ವೇಗ ಕುಂದುತ್ತ ಹೋಗುತ್ತದೆ. ತಾಲೂಕಿನ ಪೇಟೆಯಲ್ಲಿ ಸೇವೆ ಸಿಕ್ಕರೂ ಹಳ್ಳಿಗೆ ಸಿಕ್ಕದಿದ್ದುದಕ್ಕೆ ಇದೂ ಒಂದು ಕಾರಣ.

ಬೇರೆ ದೇಶಗಳವರು ಈ ತೊಡಕನ್ನು ಹೇಗೆ ಬಿಡಿಸಿದರು? ಬ್ರಿಟನ್ನಿನಲ್ಲಿ ದೊಡ್ಡ ಕಂಪನಿಯ ತಂತಿಯ ವಿಭಾಗವನ್ನು 2006ರಲ್ಲಿ ಓಪನ್‌ರೀಚ್ ಎಂದು ಬೇರ್ಪಡಿಸಿ, ಅದು ಎಲ್ಲ ಕಂಪನಿಗಳಿಗೂ ಸಮಾನವಾಗಿ ತಂತಿ ಒದಗಿಸಬೇಕೆಂದು ಕಟ್ಟು ಮಾಡಿದರು. ಆಸ್ಟ್ರೇಲಿಯದಲ್ಲಿ 2009ರಲ್ಲಿ ಸರಕಾರವೇ ಕಂಪನಿಯೊಂದನ್ನು ಸ್ಥಾಪಿಸಿ, ದೇಶಕ್ಕೆಲ್ಲ ಸಾಮಾನ್ಯವಾದ ಜಾಲವನ್ನು ಹಾಕಿ, ಮಾರಾಟವನ್ನು ಇತರರಿಗೆ ಬಿಟ್ಟುಕೊಟ್ಟಿತು. ಎರಡೂ ಕಡೆ ತೊಂದರೆಗಳಿಲ್ಲದೆ ಇಲ್ಲ. ಆದರೆ ಎರಡರ ತಳದಲ್ಲಿಯೂ ಒಂದೇ ವಿಚಾರವಿದೆ: ದಾರಿ ಒಂದಿರಲಿ, ಬಂಡಿಗಳು ಹಲವಿರಲಿ.

ನಮ್ಮ ದೇಶವು ಬೇರೆ ದಾರಿ ಹಿಡಿಯಿತು. ತಂತಿಯನ್ನು ಬಿಟ್ಟು ಆಕಾಶವನ್ನು ಹಿಡಿಯಿತು. 2010ರಲ್ಲಿ 3ಜಿ ತರಂಗಗಳ ಹರಾಜಿನಿಂದ ಸರಕಾರಕ್ಕೆ 67,000 ಕೋಟಿ ರೂಪಾಯಿಗೂ ಮೇಲೆ, ಬ್ರಾಡ್‌ಬ್ಯಾಂಡ್ ತರಂಗಗಳಿಂದ 38,000 ಕೋಟಿಗೂ ಮೇಲೆ ಬಂದಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಕಂಪನಿಯು 4ಜಿ ಸೇವೆಯನ್ನು ಆರಂಭಿಸಿ, 2017ರ ಮಾರ್ಚ್ ಕೊನೆಯವರೆಗೆ ಉಚಿತವಾಗಿಯೇ ಹಂಚಿತು. ಉಳಿದ ಕಂಪನಿಗಳೂ ದರ ಇಳಿಸಲೇಬೇಕಾಯಿತು. 2014ರಲ್ಲಿ ಒಂದು ಗಿಗಾಬೈಟಿಗೆ ಸುಮಾರು 269 ರೂಪಾಯಿ ಇದ್ದುದು ಈಚಿನ ವರ್ಷಗಳಲ್ಲಿ ಹತ್ತು ರೂಪಾಯಿಯ ಆಸುಪಾಸಿಗೆ ಇಳಿದಿದೆ. ಕೂಲಿ ಮಾಡುವವನ ಮನೆಗೂ ಇಂಟರ್ನೆಟ್ ಬಂದಿತು. ಸೋಯಾ, ತೊಗರಿ ಮಾರುವ ರೈತನು ಲಾತೂರಿನ ಪೇಟೆಯ ಧಾರಣೆಯನ್ನು ಹೊಲದ ಬದುವಿನ ಮೇಲೆ ನಿಂತೇ ತಿಳಿಯತೊಡಗಿದನು. ಇದು ಪೈಪೋಟಿಯ ಪುಣ್ಯ. ಇದನ್ನು ಅಲ್ಲಗಳೆಯುವವನು ಬಡವನ ಜೇಬನ್ನು ಅರಿಯದವನು.

ಇದೇ ಕಾಲದ ಇನ್ನೊಂದು ನಿಯಮವನ್ನೂ ಕನ್ನಡಿಗರು ಗಮನಿಸಬೇಕು. 2016ರ ಫೆಬ್ರುವರಿ 8ರಂದು ಟ್ರಾಯ್ ಪ್ರಾಧಿಕಾರವು, ನೋಡುವ ವಿಷಯವನ್ನು ನೋಡಿ ಬೇರೆ ಬೇರೆ ದರ ಹಾಕಕೂಡದೆಂದು ಆಜ್ಞೆ ಮಾಡಿತು. ಹಾಗಲ್ಲದಿದ್ದರೆ, ಹಣವುಳ್ಳ ದೊಡ್ಡ ಭಾಷೆಗಳ ಜಾಲತಾಣಗಳು ಅಗ್ಗವಾಗಿ, ನಮ್ಮ ಕನ್ನಡದ ಚಿಕ್ಕ ತಾಣಗಳು ದುಬಾರಿಯಾಗುವ ಭಯವಿದ್ದಿತು. ದಾರಿಯ ಮೇಲೆ ಎಲ್ಲ ಬಂಡಿಗಳಿಗೂ ಒಂದೇ ಸುಂಕವೆಂಬುದು ಚಿಕ್ಕ ಬಂಡಿಯವನಿಗೆ ದೊಡ್ಡ ರಕ್ಷಣೆ.

ಆದರೆ ಪೈಪೋಟಿಯು ತಾನಾಗಿಯೇ ಬಾಳುವ ಗಿಡವಲ್ಲ. ಅದಕ್ಕೂ ಬೇಲಿ ಬೇಕು. 2010ರ ಸುಮಾರಿಗೆ ಒಂದೊಂದು ವಲಯದಲ್ಲಿ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದವು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು 122 ಪರವಾನಗಿಗಳನ್ನು ರದ್ದುಗೊಳಿಸಿತು. 2016ರ ನಂತರದ ದರಸಮರದಲ್ಲಿ ಕೆಲವು ಕಂಪನಿಗಳು ಮುಳುಗಿದವು, ಕೆಲವು ಮಾರಾಟವಾದವು. 2018ರಲ್ಲಿ ವೊಡಾಫೋನ್, ಐಡಿಯಾ ಎರಡೂ ಒಂದಾದವು. ಈಗ ಉಳಿದಿರುವವರು ಮೂವರು ಖಾಸಗಿಯವರು, ಒಂದು ಸರಕಾರಿ ಪಕ್ಷ. ಸಂಖ್ಯೆ ಇಳಿದಂತೆ ದರ ಏರಿತು: 2019ರ ಡಿಸೆಂಬರಿನಲ್ಲಿ ಒಮ್ಮೆ, 2021ರ ಕೊನೆಗೆ ಒಮ್ಮೆ, 2024ರ ಜುಲೈಯಲ್ಲಿ ಮತ್ತೊಮ್ಮೆ. ಬಂಡವಾಳ ಹೂಡಿದವನಿಗೆ ಗಳಿಕೆ ಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಹಳ್ಳಿಯೊಂದರಲ್ಲಿ ಒಂದೇ ಕಂಪನಿಯ ಟವರು ಚೆನ್ನಾಗಿ ದೊರೆಯುತ್ತಿದ್ದರೆ, ನಂಬರು ಬದಲಿಸುವ ಹಕ್ಕಿನಿಂದ ಆ ಹಳ್ಳಿಗೇನು ಪ್ರಯೋಜನ? ಪಟ್ಟಣದಲ್ಲಿ ನಾಲ್ಕು ಅಂಗಡಿ, ಹಳ್ಳಿಯಲ್ಲಿ ಒಂದೇ ಅಂಗಡಿ. ದೇಶದ ಲೆಕ್ಕದಲ್ಲಿ ಮಾತ್ರ ಎಲ್ಲರಿಗೂ ನಾಲ್ಕು ಅಂಗಡಿ.

ಇಲ್ಲಿಗೆ ನಮ್ಮ ಮುಖ್ಯ ಮಾತಿಗೆ ಬಂದೆವು. ಪೈಪೋಟಿಯು ದಾರಿ ಇದ್ದಲ್ಲಿ ದರವನ್ನು ಇಳಿಸುತ್ತದೆ. ದಾರಿ ಇಲ್ಲದಲ್ಲಿ ದಾರಿಯನ್ನು ಹಾಕುವುದಿಲ್ಲ. 2025ರ ಮಾರ್ಚ್ ಕೊನೆಗೆ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಚಂದಾದಾರರು ಸುಮಾರು 94 ಕೋಟಿ. ಅವರಲ್ಲಿ ತಂತಿಯ ಮೂಲಕ ಪಡೆಯುವವರು ಸುಮಾರು ನಾಲ್ಕು ಕೋಟಿ ಮಾತ್ರ, ಉಳಿದವರಲ್ಲಿ ಬಹುತೇಕರು ಮೊಬೈಲಿನವರು. ಒಬ್ಬನಿಗೆ ಮೊಬೈಲು ಸಾಕು, ಶಾಲೆಗೆ ಸಾಲದು. ಒಂದು ಟವರಿನ ಶಕ್ತಿಯನ್ನು ಸುತ್ತಣವರೆಲ್ಲ ಹಂಚಿಕೊಳ್ಳಬೇಕು. ಸಂಜೆ ಊರೆಲ್ಲ ಮೊಬೈಲ್ ಹಿಡಿದು ಕುಳಿತರೆ ವೇಗ ಕುಸಿಯುತ್ತದೆ. ಆ ಟವರಿಗೂ ಬುಡದಲ್ಲಿ ಗಾಜಿನ ತಂತಿಯಿಲ್ಲದಿದ್ದರೆ, ಅದು ಹೊಳೆಯ ನೀರಿಲ್ಲದ ಕಾಲುವೆಯಂತೆ. ಕೂದಲೆಳೆಯಷ್ಟು ಸಣ್ಣ ಗಾಜಿನ ತಂತುವಿನಲ್ಲಿ ಬೆಳಕಿನ ಮಿಣುಕುಗಳಾಗಿ ಸುದ್ದಿ ಹರಿಯುತ್ತದೆ. ಹತ್ತಾರು ಕಿಲೋಮೀಟರು ಹೋದರೂ ಅದರ ವೇಗ ಕುಂದದು. ಆ ಗಾಜೇನೂ ತುಟ್ಟಿಯಲ್ಲ. ತುಟ್ಟಿಯಾಗುವುದು ನೆಲ ಅಗೆಯುವ ಕೆಲಸ. ನಮ್ಮ ಕರಿಮಣ್ಣಿನ, ಕರಿಗಲ್ಲಿನ ನೆಲದಲ್ಲಿ ಹತ್ತು ಕಿಲೋಮೀಟರು ಅಗೆದು ಇನ್ನೂರು ಮನೆಯ ಊರಿಗೆ ಹೋದರೆ, ಚಂದಾದಾರರಾಗುವವರು ಹತ್ತೋ ಹದಿನೈದೋ ಮನೆ. ಅಲ್ಲಿಗೆ ಒಬ್ಬ ವ್ಯಾಪಾರಿ ಬರುವುದೇ ಕಷ್ಟ. ಇಬ್ಬರು ಮೂವರು ಬಂದು, ಒಬ್ಬೊಬ್ಬರೂ ಬೇರೆ ಬೇರೆ ಅಗೆದು ಪೈಪೋಟಿ ನಡೆಸುತ್ತಾರೆಂಬುದು ಕನಸು.

ಪಟ್ಟಣಗಳಲ್ಲಿ ಆದುದನ್ನು ನೋಡಿರಿ. ಜಿಯೋ ತಂತಿಯ ಸೇವೆಯನ್ನು 2019ರ ಸೆಪ್ಟೆಂಬರಿನಲ್ಲಿ ಆರಂಭಿಸಿ, ಎರಡು ವರ್ಷ ಕಳೆದ ಮೇಲೆ, 2021ರ ನವೆಂಬರದಲ್ಲಿ, ಬಿ.ಎಸ್.ಎನ್.ಎಲ್.ನ್ನು ಹಿಂದಿಕ್ಕಿತು. ಅದೇ ಅವಧಿಯಲ್ಲಿ ಬಿ.ಎಸ್.ಎನ್.ಎಲ್.ನ ತಂತಿಯ ಚಂದಾದಾರರು ಸುಮಾರು 87 ಲಕ್ಷದಿಂದ 42 ಲಕ್ಷಕ್ಕೆ ಇಳಿದರು. ತಾಮ್ರದ ಕಾಲ ಮುಗಿದು ಗಾಜಿನ ಕಾಲ ಬಂದಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಡ. ತಾಮ್ರದ ತಂತಿ ಹಳ್ಳಿಯಲ್ಲಿ ಸತ್ತಿತು. ಗಾಜಿನ ತಂತಿ ಪಟ್ಟಣದಲ್ಲಿ ಹುಟ್ಟಿತು. ನಡುವಿನ ಅಂತರದಲ್ಲಿ ನಾವಿದ್ದೇವೆ.

ಈ ಅಂತರವನ್ನು ತುಂಬುವುದಕ್ಕೆಂದೇ ಕೇಂದ್ರ ಸರಕಾರವು 2011ರ ಅಕ್ಟೋಬರಿನಲ್ಲಿ, ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯತಗಳಿಗೆ ಗಾಜಿನ ತಂತಿಯನ್ನು ಒಯ್ಯುವ ಯೋಜನೆಯನ್ನು ಒಪ್ಪಿತು. ಅದಕ್ಕೆ ಈಗ ಭಾರತನೆಟ್ ಎಂದು ಹೆಸರು. ಅದರ ಹಣ ಬಂದುದು ದೂರಸಂಪರ್ಕ ಕಂಪನಿಗಳ ಆದಾಯದಿಂದ ನೂರಕ್ಕೆ ಐದರಂತೆ ಎತ್ತುವ ನಿಧಿಯಿಂದ; ಅಂದರೆ ಕಟ್ಟಕಡೆಗೆ ನಮ್ಮ ನಿಮ್ಮ ರೀಚಾರ್ಜಿನಿಂದ. ತತ್ತ್ವವಂತೂ ನಮ್ಮ ಹಿರಿಯರ ಕೆರೆಬಾವಿಗಳದ್ದೇ: ತೋಡುವ ಖರ್ಚು ಎಲ್ಲರದು, ನೀರೂ ಎಲ್ಲರದು, ತಂತಿ ಸಾರ್ವಜನಿಕರದು, ಅದರ ಮೇಲೆ ಯಾವ ಕಂಪನಿಯಾದರೂ ಬಂದು ಸೇವೆ ನಡೆಸಬಹುದು. 2017ರ ಡಿಸೆಂಬರಿನ ಹೊತ್ತಿಗೆ ಮೊದಲ ಹಂತದ ಒಂದು ಲಕ್ಷ ಪಂಚಾಯತಗಳ ಕೆಲಸವಾಯಿತು. ಎರಡನೆಯ ಹಂತವನ್ನು ಮಹಾರಾಷ್ಟ್ರದಲ್ಲಿ ರಾಜ್ಯ ಸರಕಾರವೇ ಮಹಾನೆಟ್ ಎಂಬ ಹೆಸರಿನಿಂದ ಕೈಗೊಂಡಿತು.

ಯೋಜನೆಯಲ್ಲಿ ಲೋಪಗಳೂ ಇದ್ದವು. ತಂತಿಯನ್ನು ಒಂದೇ ಎಳೆಯಾಗಿ ಎಳೆದುದರಿಂದ, ರಸ್ತೆ ಅಗಲಿಸುವವನ ಗುದ್ದಲಿ ಒಂದು ಕಡೆ ತಗುಲಿದರೆ ಮುಂದಿನ ಊರುಗಳೆಲ್ಲ ಕತ್ತಲಾಗುತ್ತಿದ್ದವು. ಪಂಚಾಯತದ ಕೋಣೆಯವರೆಗೆ ಬಂದ ತಂತಿ ಅಲ್ಲಿಂದ ಶಾಲೆಗೆ, ದವಾಖಾನೆಗೆ ಹೋಗಲಿಲ್ಲ. ಯಂತ್ರವಿದ್ದಲ್ಲಿ ವಿದ್ಯುತ್ತಿಲ್ಲ, ವಿದ್ಯುತ್ತಿದ್ದಲ್ಲಿ ಕೋಣೆಯ ಬೀಗ ತೆಗೆಯುವವರಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಇಲ್ಲಿ ಸರಿಯಾಗಿ ಒಪ್ಪುತ್ತದೆ. ಇವನ್ನು ಮನಗಂಡೇ 2023ರ ಆಗಸ್ಟಿನಲ್ಲಿ ಸರಕಾರವು 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಯನ್ನು ಒಪ್ಪಿತು. ಇದರಲ್ಲಿ ತಂತಿಯನ್ನು ಉಂಗುರದಾಕಾರವಾಗಿ ಹಾಕುತ್ತಾರೆ. ಒಂದು ಬದಿ ಕಡಿದರೆ ಸುದ್ದಿ ಇನ್ನೊಂದು ಬದಿಯಿಂದ ಸುತ್ತಿ ಬರುತ್ತದೆ. ಹಾಕಿದವರೇ ಹತ್ತು ವರ್ಷ ದುರಸ್ತಿ ನೋಡಿಕೊಳ್ಳಬೇಕೆಂಬ ಕಟ್ಟೂ ಉಂಟು. ಇದಲ್ಲದೆ ಬಿ.ಎಸ್.ಎನ್.ಎಲ್. ದೇಶೀಯವಾಗಿ ರೂಪಿಸಿದ 4ಜಿ ಜಾಲವು 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು. ಕಿತ್ತೂರಿನ ಎಕ್ಸ್‌ಚೇಂಜನ್ನು ರೂಪಿಸಿದ ಸಿ-ಡಾಟ್ ಅದರಲ್ಲಿಯೂ ಪಾಲುಗಾರ. 2025ರ ನವೆಂಬರದಲ್ಲಿ ಮಹಾರಾಷ್ಟ್ರ ಸರಕಾರವು ಉಪಗ್ರಹದ ಮೂಲಕ ಸೇವೆ ಪಡೆಯಲು ಸ್ಟಾರ್‌ಲಿಂಕ್ ಕಂಪನಿಯೊಡನೆ ಮಾಡಿಕೊಂಡ ಉದ್ದೇಶಪತ್ರದಲ್ಲಿ ನಮ್ಮ ಧಾರಾಶಿವ ಜಿಲ್ಲೆಯ ಹೆಸರೂ ಇದೆ. ಬಂಡಿಗಳು ಹೆಚ್ಚಲಿ, ನಮಗೆ ಸಂತೋಷ. ಆದರೆ ನೆಲದೊಳಗಿನ ಗಾಜಿನ ದಾರಿಗೆ ಅವಾವುವೂ ಬದಲಾಗಲಾರವು.

ಇನ್ನು ಶಾಲೆಯ ಮಾತು. ಕರ್ನಾಟಕದೊಳಗಿನ ಮಗುವಿಗೆ ಕನ್ನಡವು ಬಸ್ಸಿನ ಫಲಕದಲ್ಲಿ, ಅಂಗಡಿಯ ಹಲಗೆಯಲ್ಲಿ, ಕಚೇರಿಯ ಕಾಗದದಲ್ಲಿ ತಾನಾಗಿಯೇ ಎದುರಾಗುತ್ತದೆ. ನಮ್ಮ ಮಗುವಿಗೆ ಹಾಗಲ್ಲ. ಮನೆಯ ಹೊಸ್ತಿಲು ದಾಟಿದರೆ ಮರಾಠಿ. ಅದೂ ನಮ್ಮ ಅಕ್ಕರೆಯ ನೆರೆನುಡಿಯೇ, ನಮ್ಮ ರಾಜ್ಯದ ನುಡಿಯೇ. ಆದರೆ ಕನ್ನಡದ ಅಕ್ಷರ ಅದರ ಕಣ್ಣಿಗೆ ಬೀಳುವುದು ಶಾಲೆಯಲ್ಲಿ ಮಾತ್ರ. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸಿ, ಅವನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ಒದಗಿಸಿದೆ. ಇದು ನಮಗೆ ದೊಡ್ಡ ಉಪಕಾರ. ಆದರೆ ಪಠ್ಯಪುಸ್ತಕದಾಚೆಗೆ ಕತೆ ಬೇಕು, ವಿಜ್ಞಾನದ ಚಿತ್ರ ಬೇಕು, ಕನ್ನಡದಲ್ಲಿ ಪಾಠ ಹೇಳುವ ದನಿ ಬೇಕು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಂಥ ಭಂಡಾರಗಳು ಬೆಂಗಳೂರಿನ ಮಗುವಿಗೆ ಎಷ್ಟು ಹತ್ತಿರವೋ ಉಮರ್ಗಾದ ಮಗುವಿಗೂ ಅಷ್ಟೇ ಹತ್ತಿರವಾಗಬಲ್ಲವು, ತಂತಿಯೊಂದಿದ್ದರೆ. 2020ರ ಮಾರ್ಚಿನಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ಒಂದು ಮನೆಯ ಒಂದೇ ಮೊಬೈಲಿಗೆ ಮೂವರು ಮಕ್ಕಳು ಕಾಯುತ್ತಿದ್ದುದನ್ನು ಎಲ್ಲರೂ ಕಂಡವರೇ. ದೊಡ್ಡ ಭಾಷೆಯ ಮಾಧ್ಯಮದ ಶಾಲೆ ಅಂಥ ಕಾಲವನ್ನು ಹೇಗೋ ದಾಟೀತು. ಚಿಕ್ಕ ಗುಂಪಿನ ಶಾಲೆಯಲ್ಲಿ ಹತ್ತು ಮಕ್ಕಳು ಬಿಟ್ಟುಹೋದರೆ ತರಗತಿಯೇ ನಿಂತುಹೋದೀತು. ನಮಗೆ ಈ ವಿಷಯದಲ್ಲಿ ಪಣವಾಗಿರುವುದು ಇದು.

ದೇಶದ ಶಾಲೆಗಳ ಲೆಕ್ಕವನ್ನೂ ನೋಡಬೇಕು. 2023–24ರಲ್ಲಿ ನೂರಕ್ಕೆ 53.9 ಶಾಲೆಗಳಲ್ಲಿ ಇಂಟರ್ನೆಟ್ ಇದ್ದಿತು. 2024–25ರಲ್ಲಿ ಅದು 63.5ಕ್ಕೆ ಏರಿತು. 2025ರ ಫೆಬ್ರುವರಿಯ ಕೇಂದ್ರ ಆಯವ್ಯಯದಲ್ಲಿ, ಗ್ರಾಮೀಣ ಭಾಗದ ಸರಕಾರಿ ಮಾಧ್ಯಮಿಕ ಶಾಲೆಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಭಾರತನೆಟ್ಟಿನಿಂದ ಬ್ರಾಡ್‌ಬ್ಯಾಂಡ್ ಕೊಡುವುದಾಗಿ ಸಾರಿದರು. ಈ ಸಾಲಿನಲ್ಲಿ ಪ್ರಾಥಮಿಕ ಶಾಲೆಯ ಹೆಸರಿಲ್ಲ. ನಮ್ಮ ಕನ್ನಡ ಶಾಲೆಗಳಲ್ಲಿ ಹೆಚ್ಚಿನವು ಪ್ರಾಥಮಿಕವೇ. ಆದುದರಿಂದ ಬರುವುದೆಂದು ಕಾಯುತ್ತ ಕುಳಿತರೆ ಆಗದು, ಕೇಳಿ ಪಡೆಯಬೇಕು.

ನಮ್ಮ ಸಂಸ್ಥೆಯು ಮಾಡಬಹುದಾದ ಕೆಲಸಗಳು ಕೆಲವು ಉಂಟು. ಮೊದಲನೆಯದಾಗಿ, ನಮ್ಮ ಶಾಲೆಗಳಿರುವ ಒಂದೊಂದು ಗ್ರಾಮ ಪಂಚಾಯತದಲ್ಲಿಯೂ ಗಾಜಿನ ತಂತಿ ಬಂದಿದೆಯೇ, ಬಂದಿದ್ದರೆ ಜೀವಂತವಾಗಿದೆಯೇ ಎಂದು ವಿಚಾರಿಸಿ ಒಂದು ಯಾದಿ ಮಾಡಬೇಕು. ತಂತಿಯಿದ್ದಲ್ಲಿ ಗ್ರಾಮಸಭೆಯಲ್ಲಿ ಶಾಲೆಯ ಜೋಡಣೆಯ ಠರಾವನ್ನು ಮಂಡಿಸಬೇಕು. ಪಂಚಾಯತದಿಂದ ಶಾಲೆಗಿರುವ ನಾಲ್ಕು ಹೆಜ್ಜೆಯ ದಾರಿಯನ್ನು ದಿಲ್ಲಿಯವರು ಹಾಕಲಾರರು. ಅದು ಊರವರ ಕೆಲಸ. ಎರಡನೆಯದಾಗಿ, ಎರಡು ಕಂಪನಿಗಳು ದೊರೆಯುವ ಊರಲ್ಲಿ ದರವನ್ನೂ ದುರಸ್ತಿಯ ಶೀಘ್ರತೆಯನ್ನೂ ಹೋಲಿಸಿ ಆರಿಸಬೇಕು. ಸೇವೆ ಕೆಟ್ಟರೆ ಕಂಪನಿಯ ದೂರು ಕೇಂದ್ರಕ್ಕೆ ದೂರಿತ್ತು ನಂಬರು ಪಡೆಯಬೇಕು. ಅಲ್ಲಿ ನ್ಯಾಯ ದೊರೆಯದಿದ್ದರೆ ಆ ಕಂಪನಿಯಲ್ಲಿಯೇ ಇರುವ ಮೇಲ್ಮನವಿ ಅಧಿಕಾರಿಗೆ ಬರೆಯಬೇಕು. 2012ರ ನಿಯಮಗಳು ಈ ಹಕ್ಕನ್ನು ಕೊಟ್ಟಿವೆ. ದೂರು ಕೊಡದ ಗಿರಾಕಿಯಿಂದ ಪೈಪೋಟಿ ಬದುಕುವುದಿಲ್ಲ.

ಮೂರನೆಯದಾಗಿ, ತಂತಿ ಇನ್ನೂ ಬಾರದ ಊರಿನ ಶಾಲೆ ಕೈಕಟ್ಟಿ ಕುಳಿತುಕೊಳ್ಳಬಾರದು. ತಾಲೂಕಿನ ಪೇಟೆಯಲ್ಲಿ ಒಮ್ಮೆ ಪುಸ್ತಕಗಳನ್ನೂ ಪಾಠಗಳನ್ನೂ ಇಳಿಸಿಕೊಂಡು, ಶಾಲೆಯ ಒಂದು ಕಂಪ್ಯೂಟರಿನಲ್ಲಿ ಸಂಗ್ರಹಿಸಿಟ್ಟರೆ, ಹೊರಗಿನ ಜೋಡಣೆಯಿಲ್ಲದೆಯೇ ಮಕ್ಕಳೆಲ್ಲ ಓದಬಹುದು. ಅಟ್ಟದ ಮೇಲೆ ಕಾಳು ತುಂಬಿಟ್ಟ ಮನೆಗೆ ಮಳೆ ತಡವಾದರೂ ಉಪವಾಸವಿಲ್ಲ. ನಾಲ್ಕನೆಯದಾಗಿ, ಶಾಲೆಗೊಬ್ಬ ಉಪಾಧ್ಯಾಯರಿಗೆ ಈ ಯಂತ್ರಗಳ ಪಾಲನೆಯನ್ನು ಕಲಿಸಿ, ವಿದ್ಯುತ್ತು ಹೋದಾಗ ನಡೆಯುವಂತೆ ಒಂದು ಬ್ಯಾಟರಿಯನ್ನು ಒದಗಿಸಬೇಕು. ದಾನಿಗಳು ಗಡಿಯಾರ, ಬೀರು ಕೊಡುವಂತೆಯೇ ಇದನ್ನೂ ಕೊಡಬಹುದು. ಪಾಠದ ಹೊತ್ತಿಗೆ ದೊರೆಯದ ಇಂಟರ್ನೆಟ್ ಊಟಕ್ಕಿಲ್ಲದ ಉಪ್ಪಿನಕಾಯಿಯಂತೆ.

ಕೊನೆಯದಾಗಿ ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ದಾರಿ ಬಂದ ಮೇಲೆ ಅದು ಒಳಗೆ ತರುವುದಕ್ಕಷ್ಟೇ ಅಲ್ಲ, ಹೊರಗೆ ಕಳುಹಿಸುವುದಕ್ಕೂ ಬೇಕು. ಉದಗೀರದ ಕೋಟೆಯನ್ನು ಕುರಿತು, ನಿಮ್ಮ ಊರಿನ ಶಿಲಾಶಾಸನವನ್ನು ಕುರಿತು, ನಿಮ್ಮ ಅಜ್ಜಿಯು ಹಾಡುವ ಬೀಸುವಕಲ್ಲಿನ ಪದವನ್ನು ಕುರಿತು ಕನ್ನಡದಲ್ಲಿ ನೀವೇ ಬರೆದು ಆ ಭಂಡಾರಗಳಿಗೆ ಸೇರಿಸಿರಿ. ಗಡಿಯ ಕನ್ನಡವು ಬೇಡುವ ಕನ್ನಡವಾಗಿ ಉಳಿಯದೆ ಕೊಡುವ ಕನ್ನಡವಾಗಲಿ.

ಮಹನೀಯರೇ, ವ್ಯಾಪಾರವನ್ನು ಬೈಯುವುದೂ ಸರಕಾರವನ್ನು ಬೈಯುವುದೂ ಸುಲಭ. ಅಗ್ಗದ ದರವನ್ನು ಪೈಪೋಟಿ ಕೊಟ್ಟಿತು; ಮೊದಲ ತಂತಿಯನ್ನು ಸಾರ್ವಜನಿಕ ಹಣ ತಂದಿತು; ಎರಡನ್ನೂ ಕೂಡಿಸಿ ಮಗುವಿನ ಮಣೆಯ ಮುಂದೆ ತಂದಿಡುವ ಕೆಲಸ ಮಾತ್ರ ನಮ್ಮದು. ಬರುವ ವರ್ಷದ ಸಂಚಿಕೆಯಲ್ಲಿ, ನಮ್ಮ ಎಷ್ಟು ಶಾಲೆಗಳಿಗೆ ತಂತಿ ಬಂದಿತೆಂಬ ಲೆಕ್ಕವನ್ನು ಜಮಾಖರ್ಚಿನ ಪಕ್ಕದಲ್ಲಿಯೇ ಅಚ್ಚು ಹಾಕಬೇಕೆಂದು ಕಾರ್ಯಕಾರಿ ಮಂಡಳವನ್ನು ವಿನಂತಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.